ಏರೋಲಕ್ಸ್ ಅಲಂಕಾರಿಕ ಬಲ್ಬುಗಳು: ಆಕೃತಿಗಿಂತ ಲೇಪ ಮುಖ್ಯ

ಸಾಧಾರಣ ಬಲ್ಬಿನಂಥದೇ ಗಾಜಿನ ಬುರುಡೆ. ಒಳಗೆ ತಂತುವಿನ ಬದಲು ತೆಳು ತಗಡನ್ನು ಕತ್ತರಿಸಿ, ಬಾಗಿಸಿ ಮಾಡಿದ ಹೂಗೊಂಚಲು. ಸ್ವಿಚ್ ಹಾಕಿದರೆ ಬೆಳಕು ಆ ತಗಡಿನ ಮೈಗೇ ಅಂಟಿಕೊಂಡು ಹರಡಿ, ಎಸಳುಗಳು ಒಂದು ಬಣ್ಣದಲ್ಲಿಯೂ ಎಲೆಗಳು ಇನ್ನೊಂದು ಬಣ್ಣದಲ್ಲಿಯೂ ಬೆಳಗುತ್ತವೆ. ನ್ಯೂಯಾರ್ಕಿನ ಏರೋಲಕ್ಸ್ ಲೈಟ್ ಕಾರ್ಪೊರೇಷನ್ 1930ರ ದಶಕದಿಂದ 1970ರ ದಶಕದವರೆಗೆ ತಯಾರಿಸಿದ ಈ ಅಲಂಕಾರಿಕ ಬಲ್ಬುಗಳು ಇಂದು ಹಳೆಯ ವಸ್ತುಗಳ ಸಂಗ್ರಾಹಕರ ನಡುವೆ ಕೈಯಿಂದ ಕೈಗೆ ಸಾಗುತ್ತಿವೆ. ಹೊಸದಾಗಿ ಕೊಳ್ಳಲು ಹೊರಟವರು ಮೊದಲು ಕೇಳುವುದು ಯಾವ ಆಕೃತಿ ಅಪರೂಪದ್ದು ಎಂದು. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ತಗಡಿನ ಮೇಲಿನ ಲೇಪ ಎಷ್ಟು ಉಳಿದಿದೆ, ಒಳಗಿನ ಅನಿಲ ಎಷ್ಟು ಶುದ್ಧವಾಗಿದೆ ಎಂಬುದರಿಂದಲೇ ಇವುಗಳ ಯೋಗ್ಯತೆಯನ್ನು ಅಳೆಯಬೇಕು. ಲೇಪ ಉದುರಿಹೋದ ಅಪರೂಪದ ಹಕ್ಕಿಗಿಂತ ಲೇಪ ಪೂರ್ತಿಯಾಗಿ ಉಳಿದಿರುವ ಸಾಮಾನ್ಯ ಹೂವು ಮೇಲು.

ಈ ಮಾತನ್ನು ಒಪ್ಪಬೇಕಾದರೆ ಬಲ್ಬು ಬೆಳಗುವ ಬಗೆಯನ್ನು ಸ್ವಲ್ಪ ತಿಳಿದಿರಬೇಕು. ನಿಯಾನ್ ಅನಿಲವನ್ನು ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ 1898ರಲ್ಲಿ ಲಂಡನ್ನಿನಲ್ಲಿ ಕಂಡುಹಿಡಿದರು. 1910ರಲ್ಲಿ ಜಾರ್ಜ್ ಕ್ಲಾಡ್ ಪ್ಯಾರಿಸ್ಸಿನಲ್ಲಿ ನಿಯಾನ್ ಕೊಳವೆಗಳನ್ನು ಬೆಳಗಿಸಿ ಪ್ರದರ್ಶಿಸಿದರು. ಅಂಗಡಿಗಳ ಫಲಕಗಳಲ್ಲಿ ಕಾಣುವ ನಿಯಾನ್ ದೀಪಗಳು ಆ ಕೊಳವೆಗಳ ವಂಶದವು. ಅವುಗಳಿಗೆ ಸಾವಿರಾರು ವೋಲ್ಟ್ ಬೇಕು ಮತ್ತು ಅಲ್ಲಿ ಕೊಳವೆಯ ಉದ್ದಕ್ಕೂ ತುಂಬಿಕೊಂಡ ಅನಿಲವೇ ಬೆಳಗುತ್ತದೆ. ಅಲಂಕಾರಿಕ ಬಲ್ಬುಗಳ ಮೂಲ ಬೇರೆ. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ಡೇನಿಯಲ್ ಮೆಕ್‌ಫಾರ್ಲನ್ ಮೂರ್ 1917ರಲ್ಲಿ ರೂಪಿಸಿದ ಪುಟ್ಟ ನಿಯಾನ್ ದೀಪದಲ್ಲಿ ಎರಡು ವಿದ್ಯುದ್ವಾರಗಳು ಒಂದಕ್ಕೊಂದು ತೀರ ಹತ್ತಿರವಿದ್ದುದರಿಂದ ಮನೆಯ ಸಾಮಾನ್ಯ ವಿದ್ಯುತ್ತಿನಲ್ಲಿಯೇ ಅದು ಹೊತ್ತಿಕೊಳ್ಳುತ್ತಿತ್ತು, ಮತ್ತು ಬೆಳಕು ಋಣ ವಿದ್ಯುದ್ವಾರದ ಮೈಯನ್ನು ತೆಳುವಾದ ಪದರದಂತೆ ಸುತ್ತಿಕೊಳ್ಳುತ್ತಿತ್ತು. ವಿದ್ಯುದ್ವಾರಕ್ಕೆ ಯಾವ ಆಕಾರವಿದೆಯೋ ಬೆಳಕಿಗೂ ಅದೇ ಆಕಾರ. ಏರೋಲಕ್ಸ್ ಸಂಸ್ಥೆಯ ಹಿಂದಿನ ಪ್ರಧಾನ ಶಕ್ತಿಯಾಗಿದ್ದ ಫಿಲಿಪ್ ಜೆ. ಕಯಾಟ್ ಈ ಗುಣವನ್ನೇ ಬಂಡವಾಳ ಮಾಡಿಕೊಂಡು, ವಿದ್ಯುದ್ವಾರವನ್ನೇ ಶಿಲ್ಪವಾಗಿಸಿದರು. ಅಮೆರಿಕದ 110ರಿಂದ 120 ವೋಲ್ಟ್‌ಗಳ ವಿದ್ಯುತ್ತಿಗೆ, ಅಲ್ಲಿನ ಮನೆದೀಪಗಳ ಸಾಮಾನ್ಯ ತಿರುಪಿನ ಹೋಲ್ಡರಿಗೆ ಅವು ನೇರವಾಗಿ ಹೊಂದುತ್ತಿದ್ದವು.

ಬಣ್ಣದ ವಿಚಾರದಲ್ಲಿ ಈ ಬಲ್ಬುಗಳು ಎರಡು ಬಗೆ. ನಿಯಾನ್ ತುಂಬಿದವು ಎಲ್ಲರಿಗೂ ಪರಿಚಿತವಾದ ಕೆಂಪು ಬೆರೆತ ಕಿತ್ತಳೆ ಬಣ್ಣದಲ್ಲಿ ಬೆಳಗುತ್ತವೆ. ಆರ್ಗಾನ್ ತುಂಬಿದವುಗಳಲ್ಲಿ ಅನಿಲದ ಸ್ವಂತ ಬೆಳಕು ಮಸುಕಾದ ನೇರಳೆ. ಆದರೆ ಅದರೊಡನೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳೂ ಹೊರಡುತ್ತವೆ. ತಗಡಿನ ಮೇಲೆ ಬಳಿದ ಫಾಸ್ಫರ್ ಪುಡಿಯ ಲೇಪ ಆ ಕಿರಣಗಳನ್ನು ಹೀರಿಕೊಂಡು ತನ್ನದೇ ಬಣ್ಣವನ್ನು ಹೊರಸೂಸುತ್ತದೆ. ಹಸಿರಿಗೆ ಒಂದು ಪುಡಿ, ನೀಲಿಗೆ ಇನ್ನೊಂದು, ಗುಲಾಬಿ ಬಣ್ಣಕ್ಕೆ ಮತ್ತೊಂದು. ಆ ಕಾಲದ ಪ್ರತಿದೀಪ್ತ ದೀಪಗಳಲ್ಲಿ (ಟ್ಯೂಬ್‌ಲೈಟಿನಂಥವುಗಳಲ್ಲಿ) ಹಸಿರಿಗೆ ಸತುವಿನ ಸಿಲಿಕೇಟನ್ನು ಬಳಸುವುದು ರೂಢಿಯಾಗಿತ್ತು. ಎರಡೂ ಅನಿಲಗಳನ್ನು ಬೆರೆಸಿ ತುಂಬಿದ ಬಲ್ಬುಗಳೂ ಇವೆ. ಒಟ್ಟಿನಲ್ಲಿ ಏರೋಲಕ್ಸ್ ಬಲ್ಬಿನ ಬಣ್ಣವೈಭವವೆಲ್ಲ ಒಂದು ಪುಡಿಯ ಪದರವನ್ನು ಅವಲಂಬಿಸಿದೆ.

ಸಂಸ್ಥೆಯ ತಯಾರಿಕೆಗಳಲ್ಲಿ ಹೂವಿನ ಬಲ್ಬುಗಳನ್ನೇ ನಾನು ಮೊದಲ ಸಾಲಿನಲ್ಲಿ ಇಡುತ್ತೇನೆ. ತಗಡು ಎಂಬ ಮಾಧ್ಯಮಕ್ಕೆ ಹೂವಿಗಿಂತ ಹೊಂದುವ ವಸ್ತು ಇನ್ನೊಂದಿಲ್ಲ, ಏಕೆಂದರೆ ಎಸಳೂ ಎಲೆಯೂ ಸ್ವಭಾವತಃ ತೆಳುವಾದ ಹಾಳೆಗಳೇ; ಅವನ್ನು ಕತ್ತರಿಸಿ ಒಂದಿಷ್ಟು ಬಾಗಿಸಿದರೆ ಸಾಕು, ದೀಪ ಆರಿದ್ದಾಗಲೂ ಗಾಜಿನೊಳಗೆ ಒಂದು ಅಚ್ಚುಕಟ್ಟಾದ ಲೋಹದ ಕೆಲಸ ಕಾಣುತ್ತದೆ. ಬೆಳಗಿದಾಗ ಬಾಗಿದ ಎಸಳಿನ ಎರಡೂ ಮೈಗಳ ಮೇಲೆ ಬೆಳಕಿನ ಪದರ ನಿಲ್ಲುವುದರಿಂದ ಅಂಚುಗಳು ಮೃದುವಾಗಿ, ಗಾಜಿನ ಗೋಡೆಯ ಮೇಲೆ ಅವುಗಳ ಮಸುಕು ಪ್ರತಿಬಿಂಬಗಳು ಮೂಡಿ, ಹೂವಿಗೆ ಆಳ ಬರುತ್ತದೆ. ಎಲೆಯ ಹಸಿರು ಮತ್ತು ಎಸಳಿನ ಬಣ್ಣ ಸೇರುವ ಸಂದಿಯಲ್ಲಿ ಆರ್ಗಾನಿನ ನೇರಳೆ ಮಬ್ಬು ಎರಡನ್ನೂ ಹೊಂದಿಸುವುದನ್ನು ಕತ್ತಲೆಗೆ ಕಣ್ಣು ಪಳಗಿದ ಮೇಲೆ ಮಾತ್ರ ಗುರುತಿಸಬಹುದು. ಈ ಮಬ್ಬು ಛಾಯಾಚಿತ್ರಗಳಲ್ಲಿ ಸರಿಯಾಗಿ ಸಿಗುವುದಿಲ್ಲ. ಎದುರಿಗೇ ಕುಳಿತು ನೋಡಬೇಕು.

ಹಕ್ಕಿಗಳು ಚೆನ್ನಾಗಿವೆ, ಆದರೆ ಹೂವಿನಷ್ಟಲ್ಲ. ಚಪ್ಪಟೆಯಾಗಿ ಕತ್ತರಿಸಿದ ಹಕ್ಕಿ ಪಕ್ಕದಿಂದ ನೋಡಿದರೆ ಒಂದು ಗೆರೆಯಾಗಿಬಿಡುತ್ತದೆ. ಶಿಲುಬೆ ಮೊದಲಾದ ಧಾರ್ಮಿಕ ಆಕೃತಿಗಳು ಬಹುಪಾಲು ಭಕ್ತಿಯ ಬೇಡಿಕೆಗಾಗಿ ತಯಾರಾದವು, ಅವುಗಳ ಗಂಭೀರ ಸರಳತೆಗೆ ಒಂದೇ ಬಣ್ಣದ ನಿಯಾನ್ ಸಹ ಸಾಕು. ಪ್ರೀತಿಯ ಮಾತುಗಳನ್ನೋ ಶುಭಾಶಯವನ್ನೋ ಅಕ್ಷರಗಳಲ್ಲಿ ಬರೆದ ಬಲ್ಬುಗಳು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಅಕ್ಷರ ಓದಲು ಇರುವಂಥದ್ದು. ಒಮ್ಮೆ ಓದಿದ ಮೇಲೆ ಅಲ್ಲಿ ನೋಡಲು ಹೆಚ್ಚೇನೂ ಉಳಿಯುವುದಿಲ್ಲ. ಉಡುಗೊರೆಯಾಗಿ ಕೊಡುವವರ ಲೆಕ್ಕ ಬೇರೆ ಇರಬಹುದು.

ಇನ್ನು ಲೇಪದ ವಿಚಾರ. ಏರೋಲಕ್ಸ್ ಬಲ್ಬುಗಳ ಅತಿ ದೊಡ್ಡ ದೌರ್ಬಲ್ಯ ಇಲ್ಲಿದೆ. ಫಾಸ್ಫರ್ ಪುಡಿ ತಗಡಿಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ಅದು ಬಿರುಸಾದ, ಸುಲಭವಾಗಿ ಚಕ್ಕೆ ಏಳುವ ಪದರ. ಬಲ್ಬನ್ನು ಅಲುಗಾಡಿಸಿದರೆ, ಬಡಿದರೆ, ಅಜಾಗರೂಕತೆಯಿಂದ ಸಾಗಿಸಿದರೆ ಚಕ್ಕೆಗಳು ಕಳಚಿ ಬೀಳುತ್ತವೆ. ಕಳಚಿದ ಕಡೆ ಬರಿಯ ಲೋಹ ಉಳಿದು, ಬೆಳಗಿದಾಗ ಅಲ್ಲಿ ಆರ್ಗಾನಿನ ಮಸುಕು ನೇರಳೆ ಮಾತ್ರ ಕಾಣುತ್ತದೆ. ಬಿದ್ದ ಪುಡಿ ಅಲ್ಲಿಗೇ ಸುಮ್ಮನಾಗುವುದಿಲ್ಲ, ಕೆಳಗಿನ ಎಲೆಗಳ ಮೇಲೆ, ಆಧಾರದ ತಂತಿಗಳ ಮೇಲೆ ಕೂತು ಅಲ್ಲಿಂದಲೇ ಬೆಳಗಲು ತೊಡಗುತ್ತದೆ. ಹಾಗಾಗಿ ಹಸಿರಾಗಿರಬೇಕಾದ ಎಲೆಯ ಮೇಲೆ ಗುಲಾಬಿ ಚುಕ್ಕೆಗಳನ್ನು ಕಂಡರೆ ಅದು ಕುಶಲಕರ್ಮಿಯ ಕಲ್ಪನೆಯಲ್ಲ, ಯಾರೋ ಬಲ್ಬನ್ನು ಕುಲುಕಿದ್ದಾರೆ ಎಂದೇ ತಿಳಿಯಬೇಕು. ಗಾಜನ್ನು ಮುಚ್ಚಿ ಬೆಸೆದ ಮೇಲೆ ಒಳಗಿನದನ್ನು ಸರಿಪಡಿಸುವ ಉಪಾಯವಿಲ್ಲ. ಹೋದ ಲೇಪ ಹೋಯಿತು.

ಆದ್ದರಿಂದ ಕೊಳ್ಳುವಾಗ ದೀಪ ಆರಿಸಿದ ಸ್ಥಿತಿಯಲ್ಲಿಯೇ ಪರೀಕ್ಷೆ ಆರಂಭಿಸುವುದು ಒಳ್ಳೆಯದು. ಹಗಲಿನ ಬೆಳಕಿನಲ್ಲಿ ಲೇಪ ಮಂಕಾಗಿ, ಪುಡಿಪುಡಿಯಾಗಿ ಕಾಣುತ್ತದೆ. ಅದರ ನಡುವೆ ಹೊಳೆಯುವ ಲೋಹ ಇಣುಕುತ್ತಿದ್ದರೆ ಅಲ್ಲಿ ಚಕ್ಕೆ ಎದ್ದಿದೆ. ಬುರುಡೆಯ ಕತ್ತಿನ ಭಾಗದಲ್ಲಿ, ಅಂದರೆ ಗಾಜು ಕಿರಿದಾಗಿ ಹಿತ್ತಾಳೆಯ ತಿರುಪಿಗೆ ಸೇರುವಲ್ಲಿ, ಬಿಳಿಯ ಧೂಳು ಎಷ್ಟು ಸೇರಿದೆ ಎಂದು ನೋಡಬೇಕು. ಸ್ವಲ್ಪ ಧೂಳು ಇದ್ದೇ ಇರುತ್ತದೆ. ವಯಸ್ಸಾದ ಬಲ್ಬಿಗೆ ಅಷ್ಟನ್ನು ಕ್ಷಮಿಸಬಹುದು. ಪರೀಕ್ಷಿಸುವ ನೆಪದಲ್ಲಿ ಬಲ್ಬನ್ನು ಕಿವಿಯ ಬಳಿ ಹಿಡಿದು ಕುಲುಕುವ ಮಾರಾಟಗಾರರಿಂದ ಮಾತ್ರ ದೂರವಿರಿ. ತಂತುವಿನ ಬಲ್ಬಿಗೆ ಸಲ್ಲುವ ಆ ಪರೀಕ್ಷೆ ಇಲ್ಲಿ ವಸ್ತುವನ್ನೇ ಕೆಡಿಸುತ್ತದೆ.

ಅನಿಲದ ಪರೀಕ್ಷೆಗೆ ಬಲ್ಬನ್ನು ಬೆಳಗಿಸಲೇಬೇಕು. ಆರೋಗ್ಯವಾಗಿರುವ ಬಲ್ಬಿನಲ್ಲಿ ಬೆಳಕು ತಗಡಿನ ಪೂರ್ತಿ ಮೈಯನ್ನು ಸಮನಾಗಿ ಮುಚ್ಚಿ, ನಿಶ್ಚಲವಾಗಿ ನಿಲ್ಲುತ್ತದೆ. ಆಕೃತಿಯ ಒಂದು ಮೂಲೆ ಮಾತ್ರ ಬೆಳಗಿ ಉಳಿದದ್ದು ಕತ್ತಲಾಗಿದ್ದರೆ, ಬೆಳಕು ಒಂದೆಡೆಯಿಂದ ಇನ್ನೊಂದೆಡೆಗೆ ಓಡಾಡುತ್ತಿದ್ದರೆ, ನಿಯಾನ್ ಬಲ್ಬಿನ ಕಿತ್ತಳೆ ಬಣ್ಣ ಬಿಳಿಚಿಕೊಂಡಿದ್ದರೆ, ಅನಿಲ ಕಲುಷಿತವಾಗಿದೆ ಅಥವಾ ಕುಗ್ಗಿದೆ ಎಂದು ಶಂಕಿಸಬೇಕು. ಅನಿಲ ಕುಗ್ಗುವುದಕ್ಕೆ ಗಾಜು ಬಿರುಕು ಬಿಡಲೇಬೇಕೆಂದಿಲ್ಲ. ಬೆಳಗುವಾಗ ಅನಿಲದ ಅಯಾನುಗಳು ಋಣ ವಿದ್ಯುದ್ವಾರವನ್ನು ಎಡೆಬಿಡದೆ ಬಡಿಯುತ್ತಿರುತ್ತವೆ. ಆ ಬಡಿತಕ್ಕೆ ಲೋಹದ ಪರಮಾಣುಗಳು ಸಿಡಿದು ಗಾಜಿನ ಒಳಮೈಗೆ ಅಂಟುತ್ತವೆ ಮತ್ತು ಹೋಗುವಾಗ ಒಂದಿಷ್ಟು ಅನಿಲವನ್ನೂ ತಮ್ಮೊಡನೆ ಸೆರೆಹಿಡಿಯುತ್ತವೆ. ಗಾಜಿನ ಮೇಲೆ ಕಾಣುವ ಕಂದು ಅಥವಾ ಕಪ್ಪು ಮಸಿ ಅದೇ. ಅದನ್ನು ಹೊರಗಿನಿಂದ ಎಷ್ಟು ಉಜ್ಜಿದರೂ ಹೋಗದು. ಮಸಿ ಹೆಚ್ಚಿದ್ದಷ್ಟೂ ಬಲ್ಬು ಬಹಳ ಕಾಲ ಉರಿದಿದೆ, ಇಲ್ಲವೇ ಹೆಚ್ಚಿನ ವಿದ್ಯುತ್ ಪ್ರವಾಹದಲ್ಲಿ ಉರಿದಿದೆ. ಹೊಸತರಂತೆ ತಿಳಿಗಾಜು ಉಳಿಸಿಕೊಂಡಿರುವ ಬಲ್ಬು, ಅದರ ಆಕೃತಿ ಎಷ್ಟೇ ಸಾಮಾನ್ಯವಾಗಿದ್ದರೂ, ಸಂಗ್ರಹಕ್ಕೆ ಯೋಗ್ಯ.

ದೂರದಿಂದ, ಚಿತ್ರಗಳನ್ನು ನೋಡಿ ಕೊಳ್ಳುವವರು ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. ಪರ್ಯಾಯ ವಿದ್ಯುತ್ತಿನಲ್ಲಿ ಎರಡು ವಿದ್ಯುದ್ವಾರಗಳೂ ಸರದಿಯಂತೆ ಋಣ ವಿದ್ಯುದ್ವಾರವಾಗುತ್ತ, ಒಂದರ ನಂತರ ಒಂದು ಬೆಳಗುತ್ತವೆ; ಸೆಕೆಂಡಿಗೆ 60 ಆವರ್ತನೆಯಿದ್ದರೆ ಪ್ರತಿಯೊಂದರ ಸರದಿ ಸೆಕೆಂಡಿನ 120ನೆಯ ಒಂದು ಭಾಗ. ಕಣ್ಣಿಗೆ ಎರಡೂ ಒಟ್ಟಿಗೆ ಬೆಳಗಿದಂತೆ ಕಾಣುತ್ತದೆ, ಆದರೆ ಕ್ಯಾಮೆರಾದ ಷಟರ್ ಅದಕ್ಕಿಂತ ವೇಗವಾಗಿ ಮುಚ್ಚಿಕೊಂಡರೆ ಚಿತ್ರದಲ್ಲಿ ಹೂವು ಬೆಳಗಿ ಎಲೆ ಕತ್ತಲಾಗಿರಬಹುದು, ಇಲ್ಲವೇ ಅಡ್ಡಪಟ್ಟಿಗಳು ಮೂಡಬಹುದು. ಅಂಥ ಚಿತ್ರವನ್ನು ನೋಡಿ ಬಲ್ಬು ಅರ್ಧ ಸತ್ತಿದೆ ಎಂದು ತಳ್ಳಿಹಾಕಬಾರದು. ಸೆಕೆಂಡಿನ 30ನೆಯ ಒಂದು ಭಾಗ ಅಥವಾ ಅದಕ್ಕಿಂತ ನಿಧಾನದ ಷಟರಿನಲ್ಲಿ ಮತ್ತೊಂದು ಚಿತ್ರ ತೆಗೆದು ಕಳಿಸುವಂತೆ ಕೇಳಬೇಕು. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ತೀರ ದೀರ್ಘಕಾಲ ಷಟರ್ ತೆರೆದಿಟ್ಟು ತೆಗೆದ ಚಿತ್ರದಲ್ಲಿ ಬಲ್ಬು ಇಡೀ ಕೋಣೆಯನ್ನು ಬೆಳಗುವಂತೆ ಕಾಣುತ್ತದೆ. ವಾಸ್ತವದಲ್ಲಿ ಕೆಲವೇ ವಾಟ್ ಬಳಸುವ ಈ ಬಲ್ಬಿನ ಪಕ್ಕದಲ್ಲಿ ಕುಳಿತು ಪುಸ್ತಕ ಓದಲಾಗದು; ಮಲಗುವ ಕೋಣೆಯಲ್ಲಿ ದಾರಿ ಕಾಣುವಷ್ಟು ಬೆಳಕು ಬಂದರೆ ಅದೇ ಹೆಚ್ಚು. ಬೆಳಕಿಗಾಗಿ ಇದನ್ನು ಕೊಳ್ಳುವವರಿಗೆ ನಿರಾಶೆ ಖಂಡಿತ.

ವೋಲ್ಟೇಜಿನ ಮಾತು ಎಲ್ಲಕ್ಕಿಂತ ಗಂಭೀರವಾದದ್ದು. ಅನಿಲ ಒಮ್ಮೆ ಹೊತ್ತಿಕೊಂಡರೆ ಅದರ ಮೂಲಕ ಹರಿಯುವ ಪ್ರವಾಹಕ್ಕೆ ತಾನಾಗಿ ಕಡಿವಾಣ ಬೀಳುವುದಿಲ್ಲ. ಹೊರಗಿನಿಂದ ಒಂದು ರೋಧಕ ಅದನ್ನು ಹಿಡಿದಿಡಬೇಕು. ಮನೆಯ ಹೋಲ್ಡರಿಗೆ ನೇರವಾಗಿ ಹಾಕುವ ಬಲ್ಬುಗಳಲ್ಲಿ ಆ ರೋಧಕ ಹಿತ್ತಾಳೆಯ ಅಡಿಯೊಳಗೇ ಅಡಗಿರುತ್ತದೆ, ಮತ್ತು ಅಮೆರಿಕದ ಬಲ್ಬುಗಳಲ್ಲಿ ಅದನ್ನು ಸುಮಾರು 120 ವೋಲ್ಟಿಗೆಂದು ಲೆಕ್ಕಹಾಕಿ ಇಡಲಾಗಿರುತ್ತದೆ. 220 ಅಥವಾ 230 ವೋಲ್ಟ್ ಇರುವ ದೇಶಗಳಲ್ಲಿ ಇದನ್ನು ನೇರವಾಗಿ ಹಾಕಿದರೆ, ಅನಿಲ ತನ್ನ ಪಾಲಿಗೆ ಹಿಡಿಯುವ ವೋಲ್ಟೇಜು ಹೆಚ್ಚು ಬದಲಾಗದೆ ಉಳಿದ ಹೊರೆಯೆಲ್ಲ ರೋಧಕದ ಮೇಲೆ ಬಿದ್ದು, ಪ್ರವಾಹ ಎರಡು ಪಟ್ಟನ್ನೂ ಮೀರಿ ಏರುತ್ತದೆ. ಬಲ್ಬು ಕೆಲಹೊತ್ತು ವಿಪರೀತ ಹೊಳೆದು ಗಾಜಿಗೆ ಮಸಿ ಹಿಡಿಸಿ ಸಾಯಬಹುದು. ರೋಧಕ ಸುಟ್ಟು ಅಡಿಯೂ ಕಾಯಬಹುದು. ಇದಕ್ಕೆ ಸರಿಯಾದ ಪರಿಹಾರ ವೋಲ್ಟೇಜನ್ನು ತಗ್ಗಿಸುವ, ಸುರುಳಿ ಸುತ್ತಿದ ನಿಜವಾದ ಟ್ರಾನ್ಸ್‌ಫಾರ್ಮರ್. ಬಲ್ಬು ಬಳಸುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ಚಿಕ್ಕದೊಂದು ಸಾಕು. ಪ್ರವಾಸಿಗರ ಇಸ್ತ್ರಿಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರಗಳಿಗೆಂದು ಮಾರುವ ಹಗುರ ಎಲೆಕ್ಟ್ರಾನಿಕ್ ಪರಿವರ್ತಕಗಳು ಇಲ್ಲಿ ಬೇಡ. ಅವು ವಿದ್ಯುತ್ತಿನ ಅಲೆಯನ್ನೇ ಕತ್ತರಿಸಿ ಕೊಡುತ್ತವೆ. ಬೆಳಕನ್ನು ತಗ್ಗಿಸುವ ಮಂದಕ (ಡಿಮ್ಮರ್) ಸ್ವಿಚ್ಚುಗಳೂ ಅದೇ ಕಾರಣಕ್ಕೆ ಹೊಂದುವುದಿಲ್ಲ, ಬಲ್ಬು ಮಿಣುಕುತ್ತದೆ ಅಥವಾ ಹೊತ್ತುವುದೇ ಇಲ್ಲ. ಆವರ್ತನೆ 50 ಇರಲಿ 60 ಇರಲಿ, ಬಲ್ಬಿಗೆ ವ್ಯತ್ಯಾಸವಿಲ್ಲ.

ಇದರ ಇನ್ನೊಂದು ವರ್ತನೆಯನ್ನು ದೋಷವೆಂದು ಭಾವಿಸುವವರು ಬಹಳ ಮಂದಿ. ಪೂರ್ಣ ಕತ್ತಲೆಯಲ್ಲಿ ಹಳೆಯ ಬಲ್ಬು ತಕ್ಷಣ ಹೊತ್ತದೆ ಒಂದಿಷ್ಟು ಹೊತ್ತು ಸುಮ್ಮನಿರಬಹುದು. ಅನಿಲ ವಿದ್ಯುತ್ತನ್ನು ಹರಿಯಗೊಡಲು ಆರಂಭದಲ್ಲಿ ಕೆಲವು ಬಿಡಿ ಎಲೆಕ್ಟ್ರಾನುಗಳು ಬೇಕು. ಕೋಣೆಯ ಬೆಳಕು ಲೋಹದ ಮೇಲೆ ಬಿದ್ದಾಗ ಅಂಥ ಎಲೆಕ್ಟ್ರಾನುಗಳು ಹೊರಬರುತ್ತವೆ, ಕತ್ತಲೆಯಲ್ಲಿ ಅವುಗಳ ಕೊರತೆ ಬೀಳುತ್ತದೆ. ಒಂದು ಟಾರ್ಚಿನ ಬೆಳಕು ಬಿಟ್ಟರೆ ಬಲ್ಬು ಹೊತ್ತಿಕೊಳ್ಳುತ್ತದೆ. ಹೀಗೆ ತಡಮಾಡುವ ಬಲ್ಬನ್ನು ಕೆಟ್ಟದ್ದೆಂದು ಎಸೆಯುವ ಮುನ್ನ ಈ ಪ್ರಯೋಗ ಮಾಡಬೇಕು.

ಬಳಕೆಯಲ್ಲಿ ಕಾಡುವ ಚಿಕ್ಕ ಕಿರಿಕಿರಿಯೊಂದು ತಿರುಪಿನದು. ತಿರುಪು ಎಲ್ಲಿ ಬಿಗಿಯಾಗುತ್ತದೆ ಎಂಬುದು ಹೋಲ್ಡರಿನಿಂದ ಹೋಲ್ಡರಿಗೆ ಬದಲಾಗುವುದರಿಂದ, ಚಪ್ಪಟೆ ಆಕೃತಿಯ ಬಲ್ಬು ಪೂರ್ತಿ ಬಿಗಿದಾಗ ಗೋಡೆಯ ಕಡೆಗೋ ಪಕ್ಕಕ್ಕೋ ಮುಖ ಮಾಡಿ ನಿಲ್ಲುತ್ತದೆ. ನೇರ ಮಾಡಲೆಂದು ಗಾಜನ್ನು ಹಿಡಿದು ತಿರುಗಿಸಿದರೆ, ವಯಸ್ಸಾಗಿ ಸಡಿಲವಾದ ಸಿಮೆಂಟು ಬಿಟ್ಟುಕೊಂಡು, ಒಳಗಿನ ತಂತಿಗಳು ಒಂದಕ್ಕೊಂದು ಹೆಣೆದು ತುಂಡಾಗುತ್ತವೆ. ಬಲ್ಬನ್ನು ಯಾವಾಗಲೂ ಹಿತ್ತಾಳೆಯ ಭಾಗದಲ್ಲಿ ಹಿಡಿದೇ ತಿರುಗಿಸಬೇಕು, ಅದಕ್ಕೂ ಮೊದಲು ವಿದ್ಯುತ್ತನ್ನು ತಪ್ಪಿಸಬೇಕು, ಮುಖ ಸರಿಹೊಂದಿಸಲು ಬಲ್ಬಿನ ಬದಲು ದೀಪದ ಪೀಠವನ್ನೇ ತಿರುಗಿಸಿಡಬೇಕು. ಹೂವಿಗೆ ಈ ತೊಂದರೆಯೂ ಕಡಿಮೆ, ಯಾವ ಕಡೆಯಿಂದ ನೋಡಿದರೂ ಅದು ಹೂವೇ. ಬಲ್ಬಿನ ಜೊತೆಗೆ ಹಳೆಯ ಪೀಠವೂ ಬಂದಿದ್ದರೆ, ಅದರ ಬಟ್ಟೆ ಹೊದಿಸಿದ ವೈರು ಒಣಗಿ ಬಿರಿದಿರುವುದು ಸಾಮಾನ್ಯ. ಪೀಠವನ್ನು ಉಳಿಸಿಕೊಂಡು ವೈರನ್ನು ಬದಲಿಸುವುದೇ ವಿವೇಕ.

ಇದೇ ಕುಟುಂಬದ ಬೇರೆ ಬಲ್ಬುಗಳ ಬಗ್ಗೆ ಎರಡು ಮಾತು. ಜ್ವಾಲೆಯ ಆಕಾರದ ಎರಡು ಜಾಲರಿಗಳ ನಡುವೆ ಬೆಳಕು ಅತ್ತಿತ್ತ ಓಲಾಡುವ ಕಿತ್ತಳೆ ಬಣ್ಣದ ಬಲ್ಬುಗಳನ್ನು ಮೇಣದಬತ್ತಿಯ ಬದಲಿಗೆ ಹಲವರು ಕಂಡಿರುತ್ತಾರೆ. ಅವುಗಳಲ್ಲಿ ನಿಯಾನಿನ ಜೊತೆಗೆ ಹೀಲಿಯಂ ಮತ್ತು ಅತ್ಯಲ್ಪ ಸಾರಜನಕವನ್ನು ಬೆರೆಸಿ, ವಿದ್ಯುದ್ವಾರಗಳಿಗೆ ಬೇರಿಯಂ ಸಂಯುಕ್ತದ ಲೇಪ ಕೊಟ್ಟು ಬೆಳಕು ನಿಲ್ಲದಂತೆ ಮಾಡಿರುತ್ತಾರೆ. ಏರೋಲಕ್ಸ್ ಹೂವಿನಲ್ಲಿ ದೋಷವಾಗುವ ಓಡಾಟವೇ ಇಲ್ಲಿ ಗುಣ. ಅನಿಲದ ಮೂಲಕ ವಿದ್ಯುತ್ತು ಹರಿದು ಬೆಳಗುವ ಬಗೆಯನ್ನು ಅರಿಯಲು ಅದು ಒಳ್ಳೆಯ ಆರಂಭ, ಸಂಗ್ರಹದ ವಸ್ತುವಾಗಿ ಅಷ್ಟೇನೂ ಅಲ್ಲ. ಇಂದು ಹಳೆಯ ಕಾಲದ ನಿಯಾನ್ ಎಂಬ ಹೆಸರಿನಲ್ಲಿಯೇ ಮಾರಾಟವಾಗುವ, ಒಳಗೆ ಬಾಗುವ ದಾರದಂಥ ಎಲ್‌ಇಡಿಯನ್ನು ಅಕ್ಷರವಾಗಿಯೋ ಹೃದಯವಾಗಿಯೋ ಬಳಸಿಟ್ಟ ಬಲ್ಬುಗಳಲ್ಲಿ ನಿಯಾನಿನ ಸುಳಿವೂ ಇಲ್ಲ. ಗುರುತು ಸುಲಭ. ಅವುಗಳಲ್ಲಿ ಬೆಳಕು ಒಂದು ದಪ್ಪ ಎಳೆಯ ಒಳಗಿನಿಂದ ಬರುತ್ತದೆ. ನಿಜವಾದ ಬಲ್ಬಿನಲ್ಲಿ ತಗಡು ಕಾಣುತ್ತದೆ, ಬೆಳಕು ಅದರ ಹೊರಮೈಯಿಂದ ಕೂದಲೆಳೆಯಷ್ಟು ದೂರದಲ್ಲಿ ನಿಂತಿರುತ್ತದೆ. ಅವು ಕೆಟ್ಟ ವಸ್ತುಗಳೆಂದು ನಾನು ಹೇಳುತ್ತಿಲ್ಲ, ಬೆಳಕೂ ಹೆಚ್ಚು, ಬಾಳಿಕೆಯೂ ಇರಬಹುದು. ಆದರೆ ಹಳೆಯ ಬಲ್ಬಿನ ಬೆಲೆಯನ್ನು ಅವಕ್ಕೆ ತೆರಬೇಕಾಗಿಲ್ಲ.

ಇಷ್ಟಾದ ಮೇಲೆ ಕೊಳ್ಳಬೇಕೆ ಎಂದರೆ, ಕೊಳ್ಳಬೇಕು, ಆದರೆ ಮೊದಲನೆಯದು ಹೂವಾಗಿರಲಿ, ಆರ್ಗಾನ್ ತುಂಬಿದ್ದಾಗಿರಲಿ, ಆರಿಸಿದ ಮತ್ತು ಬೆಳಗಿಸಿದ ಎರಡೂ ಚಿತ್ರಗಳನ್ನು ಕೊಟ್ಟ ಮಾರಾಟಗಾರರಿಂದ ಬಂದದ್ದಾಗಿರಲಿ. ಬೆಳಗಿದ ಚಿತ್ರ ಒಂದನ್ನೇ ಕೊಡುವವರು ಲೇಪವನ್ನು ಮರೆಸುತ್ತಿರಬಹುದು, ಆರಿದ ಚಿತ್ರ ಒಂದನ್ನೇ ಕೊಡುವವರು ಅನಿಲವನ್ನು. ಮೂಲ ರಟ್ಟಿನ ಪೆಟ್ಟಿಗೆ ಇದ್ದರೆ ಸಂತೋಷ, ಅದಕ್ಕಾಗಿ ಹೆಚ್ಚು ಹಣ ಸುರಿಯುವಷ್ಟು ಮಹತ್ವ ಅದಕ್ಕಿಲ್ಲ. ಕಳಿಸುವ ಬಗೆಯನ್ನು ಮಾತ್ರ ಮೊದಲೇ ಬರಹದಲ್ಲಿ ಒಪ್ಪಿಸಿಕೊಳ್ಳಬೇಕು. ಬಲ್ಬು ಹಿತ್ತಾಳೆಯ ಅಡಿಯ ಮೇಲೆ ಊರಿಕೊಂಡು ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಅಲುಗದೆ ನಿಂತಿರಬೇಕು, ಆ ಪೆಟ್ಟಿಗೆಯ ಸುತ್ತ ಎಲ್ಲ ಕಡೆಯೂ ಮೆತ್ತನೆಯ ತುಂಬುಗೆಯಿರುವ ಇನ್ನೊಂದು ದೊಡ್ಡ ಪೆಟ್ಟಿಗೆ ಇರಬೇಕು. ಗಾಜು ಒಡೆಯದೆ ಬಂದ ಮಾತ್ರಕ್ಕೆ ಬಲ್ಬು ಸುರಕ್ಷಿತವಾಗಿ ಬಂದಿತೆಂದು ಅರ್ಥವಲ್ಲ. ಕತ್ತಿನಲ್ಲಿ ಸೇರಿದ ಧೂಳನ್ನು ಮಾರಾಟಗಾರರು ಕಳಿಸಿದ್ದ ಚಿತ್ರದೊಡನೆ ಹೋಲಿಸಿ ನೋಡಿ, ಹೆಚ್ಚಿದ್ದರೆ ಬೆಳಗಿಸುವ ಮೊದಲೇ ಚಿತ್ರ ತೆಗೆದು ಅವರಿಗೆ ತಿಳಿಸಬೇಕು.